ಒಂದೂ ತಪ್ಪಿಲ್ಲದ ಇಂಗ್ಲಿಷ್

"ಗುರುಗಳೇ, ಕಲಿಸುವವನ ಕೆಲಸ ಮುಗಿಯಿತು ಎಂದು ತಿಳಿಯುವುದು ಹೇಗೆ?"

ಕೇಳಿದವನು ಷಡಕ್ಷರಿ. ಮಠದ ಶಾಲೆಯಲ್ಲಿ ಪಾಠ ಹೇಳುವ ಶಿಷ್ಯ. ಸಂಜೆ ಬಿಡುವಿನಲ್ಲಿ ಅವನು ಫೋನಿನ ಮುಂದೆ ಕೂತು, ದೂರದೇಶದಲ್ಲಿ ಮರಗೆಲಸ ಕಲಿಯುತ್ತಿದ್ದ ಒಬ್ಬ ಹುಡುಗನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಹುಡುಗನಿಗೆ ಮಾತಿನ ರೂಢಿಯಾಗಲಿ ಎಂದು ತಾನಾಗಿ ಒಪ್ಪಿಕೊಂಡ ಸೇವೆ ಅದು.

"ಮೊದಲು ಬಾಯಿ ತೆರೆದರೆ ತಪ್ಪು ಮಾಡುತ್ತಿದ್ದ. ಈ ಒಂದು ತಿಂಗಳಿಂದ ಹುಡುಕಿದರೂ ಒಂದು ತಪ್ಪು ಸಿಗುವುದಿಲ್ಲ. ಇನ್ನು ನನ್ನಿಂದ ಆಗಬೇಕಾದ್ದು ಏನಿದೆ?" ಎಂದ. ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು.

"ಒಂದೂ ತಪ್ಪಿಲ್ಲವೇ?"

"ಒಂದೂ ಇಲ್ಲ ಗುರುಗಳೇ."

"ಹಾಗಾದರೆ ಕೂತುಕೋ. ಒಬ್ಬ ವಕೀಲನ ಕತೆ ಹೇಳುತ್ತೇನೆ" ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ವಕೀಲನಿದ್ದ. ಮಾತೇ ಅವನ ಕಸುಬು. ಕೋರ್ಟಿನಲ್ಲಿ ಅವನು ಇಂಗ್ಲಿಷಿನಲ್ಲಿ ವಾದಕ್ಕೆ ನಿಂತರೆ ಎದುರು ಪಕ್ಷದವರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ವಯಸ್ಸಾದ ಮೇಲೆ ಅವನು ಕರಿಕೋಟು ಕಳಚಿಟ್ಟ. ಕೋಟು ಹೋಯಿತು, ಮಾತು ಹೋಗಲಿಲ್ಲ. ಆದರೆ ಕೇಳುವವರು ಯಾರು? ಮನೆಯವರು ಅವನ ಮಾತನ್ನು ಒಂದು ಜನ್ಮಕ್ಕೆ ಸಾಕಾಗುವಷ್ಟು ಆಗಲೇ ಕೇಳಿದ್ದರು.

ಆಗ ಅವನಿಗೆ ಒಂದು ಸೇವಾಸಂಘದ ವಿಷಯ ತಿಳಿಯಿತು. ಹೊರದೇಶಗಳಲ್ಲಿ ಕೈಕಸುಬು ಕಲಿಯುವ ಬಡ ಮಕ್ಕಳ ಜೊತೆ ಆನ್‌ಲೈನಿನಲ್ಲಿ ಇಂಗ್ಲಿಷ್ ಮಾತಾಡಬೇಕು. ವ್ಯಾಕರಣ ಹೇಳಿಕೊಡುವುದು ಬೇಡ, ಪರೀಕ್ಷೆ ಮಾಡುವುದು ಬೇಡ. ಅವರನ್ನು ಮಾತಾಡಿಸಿ ಹೆದರಿಕೆ ಬಿಡಿಸಿದರೆ ಸಾಕು. ವಕೀಲ ಸಂತೋಷದಿಂದ ಹೆಸರು ಕೊಟ್ಟ.

ಅವನ ಪಾಲಿಗೆ ಬಂದವಳು ಸಮುದ್ರದಾಚೆಯ ಒಂದು ಬೆಟ್ಟದ ನಾಡಿನ ಹುಡುಗಿ. ತರಬೇತಿ ಶಾಲೆಯಲ್ಲಿ ಪಂಪು, ಮೋಟಾರು ರಿಪೇರಿ ಕಲಿಯುತ್ತಿದ್ದಳು. ವರ್ಷದ ಕೊನೆಗೆ ಬಂದರಿನ ಹಡಗು ಕಾರ್ಖಾನೆಯವರು ಆ ಶಾಲೆಗೆ ಬಂದು ಒಬ್ಬರನ್ನು ಕೆಲಸಕ್ಕೆ ಆರಿಸುವವರಿದ್ದರು. ಕಾರ್ಖಾನೆಯಲ್ಲಿ ನಾನಾ ದೇಶದ ಜನ ದುಡಿಯುತ್ತಾರೆ, ಅವರ ನಡುವಿನ ಮಾತೆಲ್ಲ ಇಂಗ್ಲಿಷ್. ಹುಡುಗಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು. ಮಾತೂ ಬಂದರೆ ಆ ಜಾಗ ಅವಳದೇ. ಬಾರದಿದ್ದರೆ ಹಳ್ಳಿಗೆ ಹಿಂತಿರುಗಬೇಕು. ಹಳ್ಳಿಯಲ್ಲಿ ಅವಳಿಗೆ ಒಂದು ಗಂಡು ಗೊತ್ತುಮಾಡಿಟ್ಟಿದ್ದರು. ಆ ಮದುವೆ ಅವಳಿಗೆ ಬೇಡವಾಗಿತ್ತು. ಇದನ್ನೆಲ್ಲ ಅವಳ ಶಾಲೆಯವರು ವಕೀಲನಿಗೆ ಮೊದಲೇ ತಿಳಿಸಿದ್ದರು.

ಶುರುವಿನಲ್ಲಿ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ವಕೀಲ ಬೇಸರಪಡಲಿಲ್ಲ. ದಿನಾ ಬಂದು ಕೂತ, ಕೇಳಿದ, ಕಾದ. ಅಷ್ಟು ಮಟ್ಟಿಗೆ ಅವನು ಒಳ್ಳೆಯವನೇ, ಅದನ್ನು ಇಲ್ಲವೆನ್ನಬಾರದು. ಕೊನೆಗೊಂದು ದಿನ ಅವಳು ಬಾಯಿಬಿಟ್ಟಳು. ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಕಣ್ಣು ಮುಚ್ಚುತ್ತಿದ್ದಳು, ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದಳು, ಒಂದು ಬೆರಳು ಮೇಲೆತ್ತಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ಅಪ್ಪನ ಕತ್ತೆ ಪಂಪಿಗೆ ಮೈ ಉಜ್ಜಿ ಸ್ವಿಚ್ಚು ಮುರಿದದ್ದು, ತಾನು ಅದನ್ನು ಬಿಚ್ಚಿ ಸರಿಮಾಡಿದ್ದು, ಮರುದಿನ ಕತ್ತೆ ಬಂದು ಮತ್ತೆ ಮುರಿದದ್ದು. ಮಾತಿಗೆ ಮೂರು ತಪ್ಪು. ಆದರೂ ಕತ್ತೆ ಎಲ್ಲಿ ನಿಂತಿತ್ತು, ಪಂಪಿನಲ್ಲಿ ಏನು ಕೆಟ್ಟಿತ್ತು ಎಂಬುದು ಕೇಳುವವನ ಕಣ್ಣಿಗೆ ಕಟ್ಟುತ್ತಿತ್ತು.

ಒಂದು ಭಾನುವಾರ ಪಾಠ ಮುಗಿಯುವ ಹೊತ್ತಿಗೆ ವಕೀಲನ ಮನೆಗೆ ನೆಂಟರು ಬಂದರು. ನಾಳೆ ಮಾತಾಡೋಣ ಎಂದು ಹುಡುಗಿಗೆ ಹೇಳಿ, ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಎದ್ದ.

ಅವನ ಹೆಂಡತಿಯ ತಮ್ಮ ಕೇಳಿದ: "ಭಾವ, ಅದ್ಯಾವ್ದೋ ಫಾರಿನ್ ಹುಡ್ಗಿಗೆ ಇಂಗ್ಲಿಷ್ ಹೇಳ್ಕೊಡ್ತಿದೀರಂತೆ. ಹೆಂಗ್ ಮಾತಾಡ್ತಾಳೆ ಅವಳು? ಒಂಚೂರು ಮಾಡಿ ತೋರ್ಸಿ, ನೋಡೋಣ."

ಮನೆಯವರು ಅವನನ್ನು ಮಾತಾಡು ಎಂದು ಕೇಳಿ ಎಷ್ಟೋ ಕಾಲವಾಗಿತ್ತು. ವಕೀಲ ಉಬ್ಬಿಹೋದ. ಕಣ್ಣು ಮುಚ್ಚಿದ, ಉಸಿರೆಳೆದ, ಬೆರಳೆತ್ತಿದ. ಕತ್ತೆಯ ಕತೆಯನ್ನು ಅವಳ ದನಿಯಲ್ಲೇ, ಅವಳ ತಪ್ಪುಗಳ ಸಮೇತ ಹೇಳಿದ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದು ಸಲ, ಇನ್ನೊಂದು ಸಲ ಎಂದರು. ಅವನು ಇನ್ನೊಂದು ಸಲ ಮಾಡಿದ. ಆಗ ಅವಳು ಮಾಡದ ತಪ್ಪುಗಳನ್ನೂ ಸೇರಿಸಿದ.

ಆಮೇಲೆ ಫೋನ್ ಎತ್ತಿಕೊಂಡಾಗ ಕರೆ ಇನ್ನೂ ನಡೆಯುತ್ತಿತ್ತು. ಹುಡುಗಿ ಕೈಕಟ್ಟಿಕೊಂಡು ಕೂತಿದ್ದಳು. ಹಿರಿಯರು ಏಳುವ ಮೊದಲು ಕಿರಿಯರು ಎದ್ದುಹೋಗುವ ಪದ್ಧತಿ ಅವಳ ಮನೆಯಲ್ಲಿಲ್ಲ. ದಿನವೂ ವಕೀಲ ಕರೆ ಮುಗಿಸುವ ತನಕ ಅವಳು ಕಾಯುತ್ತಿದ್ದಳು. ಅದು ಅವನ ಗಮನಕ್ಕೇ ಬಂದಿರಲಿಲ್ಲ. ಈಗ ಅವನ ಮುಖ ಕಂಡದ್ದೇ ಅವಳು ತಲೆಬಾಗಿ ವಂದಿಸಿದಳು. ವಕೀಲ ಕರೆ ಕಡಿದ. ಅವನಿಗೆ ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಮರುದಿನ ಹುಡುಗಿ ಹೊತ್ತಿಗೆ ಸರಿಯಾಗಿ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಸರ್, ನಿನ್ನೆ ಎಲ್ಲರೂ ನಕ್ಕರು. ನಗು ಬಂದದ್ದು ಯಾವ ಜಾಗದಲ್ಲಿ ಎಂದು ನನಗೆ ತಿಳಿಯಲಿಲ್ಲ. ತೋರಿಸಿಕೊಡಿ. ಕಾರ್ಖಾನೆಯವರ ಮುಂದೆ ಆ ಜಾಗ ಬಿಟ್ಟು ಹೇಳುತ್ತೇನೆ."

ವಕೀಲ ಬಾಯಿ ತೆರೆದ. ಮುಚ್ಚಿದ. ಜಡ್ಜಿನ ಮುಂದೆ ಎಂದೂ ತಡವರಿಸದವನಿಗೆ ಒಂದು ಪದ ಸಿಗಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ, "ಅವಸರವಿಲ್ಲ ಸರ್. ನಿಧಾನಕ್ಕೆ ಹೇಳಿ. ತಪ್ಪಾದರೂ ಪರವಾಗಿಲ್ಲ" ಎಂದಳು. ಅವಳು ಬಾಯಿಬಿಡದೆ ಕೂತಿದ್ದ ದಿನಗಳಲ್ಲಿ ಅವನೇ ಅವಳಿಗೆ ಹೇಳುತ್ತಿದ್ದ ಮಾತು ಅದು.

"ಅದು ಟಿವಿಯಲ್ಲಿ ಏನೋ ಬರುತ್ತಿತ್ತು. ಅದಕ್ಕೆ ನಕ್ಕರು" ಎಂದ ವಕೀಲ.

"ಸರಿ ಸರ್. ಧನ್ಯವಾದ ಸರ್."

ಅವತ್ತಿನಿಂದ ಹುಡುಗಿ ತಪ್ಪು ಮಾಡುವುದನ್ನು ಬಿಟ್ಟಳು. ಹೌದು ಸರ್. ಇಲ್ಲ ಸರ್. ಇಂದು ಇಲ್ಲಿ ಚಳಿ ಇದೆ. ನಾನು ಊಟ ಮಾಡಿದೆ. ಖಚಿತವಾಗಿ ಗೊತ್ತಿದ್ದ ಮಾತನ್ನಷ್ಟೇ ಆಡಿದಳು. ಕಣ್ಣು ಮುಚ್ಚಲಿಲ್ಲ, ಬೆರಳೆತ್ತಲಿಲ್ಲ. ಕತ್ತೆಯ ಸುದ್ದಿ ಮತ್ತೆ ಬರಲಿಲ್ಲ. ವಕೀಲನಿಗೆ ಇದು ಕಾಣದೆ ಇರಲಿಲ್ಲ. ಆದರೆ ಅವನು ವಕೀಲನಲ್ಲವೇ? ತನ್ನ ಪರವಾಗಿ ತಾನೇ ವಾದಿಸಿದ. ಹುಡುಗಿ ಟಿವಿಯ ಮಾತನ್ನು ನಂಬಿದ್ದಾಳೆ, ಅವಳ ಭಾಷೆ ಸುಧಾರಿಸಿದೆ, ಅಷ್ಟೇ. ತೀರ್ಪು ಕೊಡುವವನೂ ಅವನೇ ಆದ್ದರಿಂದ ಗೆದ್ದ.

ಸಂಘದವರು ಅವಳ ಮಾತನ್ನು ಕೇಳಿ ಬೆರಗಾದರು. ಇಷ್ಟು ಶುದ್ಧವಾಗಿ ಮಾತಾಡುವ ವಿದ್ಯಾರ್ಥಿ ನಮ್ಮಲ್ಲಿ ಇನ್ನೊಬ್ಬರಿಲ್ಲ, ಹೊಸದಾಗಿ ಸೇರಿದವರಿಗೆ ನಿಮ್ಮ ಅನುಭವ ಹೇಳಿ ಎಂದು ವಕೀಲನನ್ನು ಕೇಳಿಕೊಂಡರು. ಅವನು ಹೇಳಿದ. ಚೆನ್ನಾಗಿಯೇ ಹೇಳಿದ. ಕತ್ತೆಯ ಸುದ್ದಿಯನ್ನು ಮಾತ್ರ ಎತ್ತಲಿಲ್ಲ.

ವರ್ಷದ ಕೊನೆಗೆ ಕಾರ್ಖಾನೆಯವರು ಬಂದರು. ನೀನು ರಿಪೇರಿ ಮಾಡಿದ ಯಾವುದಾದರೂ ಒಂದು ಯಂತ್ರದ ವಿಷಯ ಹೇಳು ಎಂದು ಹುಡುಗಿಯನ್ನು ಕೇಳಿದರು. ಅವಳು, "ನನಗೆ ಪಂಪು ರಿಪೇರಿ ಬರುತ್ತದೆ. ಧನ್ಯವಾದ" ಎಂದಳು. ಇನ್ನೂ ಸ್ವಲ್ಪ ಹೇಳು ಎಂದರು. ಅವಳು ನೆಲ ನೋಡುತ್ತ ನಿಂತಳು. ಅವರು ಬೇರೊಬ್ಬಳನ್ನು ಆರಿಸಿಕೊಂಡರು. ಆ ಇನ್ನೊಬ್ಬಳು ಕೈಬಾಯಿ ಎರಡನ್ನೂ ಆಡಿಸಿಕೊಂಡು, ತಪ್ಪುತಪ್ಪಾಗಿ, ಬಹಳ ಹೊತ್ತು ಮಾತಾಡಿದ್ದಳಂತೆ.

ಸುದ್ದಿ ಕೇಳಿದ ಮೇಲೆ ವಕೀಲನಿಗೆ ತನ್ನ ಪರ ವಾದಿಸಲು ಏನೂ ಉಳಿಯಲಿಲ್ಲ. ಹಳ್ಳಿಗೆ ಹೊರಡುವ ಮೊದಲು ಹುಡುಗಿ ಕೊನೆಯ ಪಾಠಕ್ಕೆ ಬಂದಳು. ಅವನು ಅವಳ ಮುಖ ನೋಡದೆ ಹೇಳಿದ:

"ಅವತ್ತು ಅವರು ನಕ್ಕದ್ದು ಟಿವಿ ನೋಡಿ ಅಲ್ಲ. ನಾನು ನಿನ್ನನ್ನು ಅಣಕಿಸಿದೆ."

"ಗೊತ್ತು ಸರ್. ನೀವು ಟಿವಿ ಎಂದಾಗಲೇ ಗೊತ್ತಾಯಿತು."

"ಗೊತ್ತಾದ ಮೇಲೂ ಇಷ್ಟು ದಿನ ಯಾಕೆ ಬಂದೆ?"

"ನೀವು ದಿನಾ ನನಗಾಗಿ ಕಾಯುತ್ತಿದ್ದಿರಿ. ನಿಮಗೆ ಮಾತಾಡಲು ಮನೆಯಲ್ಲಿ ಯಾರೂ ಇಲ್ಲವೇನೋ ಅನ್ನಿಸಿತು. ನಾನು ನಿಲ್ಲಿಸಿದರೆ ನೀವು ಒಬ್ಬರೇ ಕೂತಿರುತ್ತೀರಲ್ಲ, ಪಾಪ, ಅದಕ್ಕೆ ಬಂದೆ ಸರ್" ಎಂದಳು.

ಟಿವಿಯ ಆ ಸುಳ್ಳಿನ ನಂತರ ಅವಳಾಡಿದ ಉದ್ದನೆಯ ಮಾತು ಅದೊಂದೇ. ಇಂಗ್ಲಿಷಿನಲ್ಲಿ ಅದು ತುಂಬ ತಪ್ಪಾಗಿತ್ತು. ವಕೀಲ ಫೋನಿನ ಮುಂದೆ ಮುಖ ಮುಚ್ಚಿಕೊಂಡು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಷಡಕ್ಷರಿಯ ಮುಖದಲ್ಲಿದ್ದ ಹೆಮ್ಮೆ ಇಳಿದಿತ್ತು. ಆದರೂ ಅವನು, "ಆ ವಕೀಲ ಮಾಡಿದ್ದು ದೊಡ್ಡ ತಪ್ಪು ಗುರುಗಳೇ. ನನ್ನ ಹುಡುಗ ಹಾಗಲ್ಲ, ಅವನು ನಿಜಕ್ಕೂ ಕಲಿತಿದ್ದಾನೆ" ಎಂದ.

ಗುರುಗಳು ಅವನನ್ನೇ ನೋಡಿ ಕೇಳಿದರು: "ಹೋದ ತಿಂಗಳು ದಾಸೋಹದ ಪಂಕ್ತಿಯಲ್ಲಿ ಅವನ ಹಾಗೆ ಮಾತಾಡಿ ಎಲ್ಲರನ್ನೂ ನಗಿಸಿದೆಯಲ್ಲ, ಅದಕ್ಕೆ ಮೊದಲು ಕರೆ ಕಡಿದಿದ್ದೆಯಾ?"