ಕಂಡವನು ಕೂಗಬೇಕು

ಬರೆದು ನನಗೆ ಅಭ್ಯಾಸವಿಲ್ಲ. ಗುರುಗಳು ಹೇಳಿದ್ದನ್ನು ಕೆಡಿಸಿ ಹೇಳಿದರೆ ಕ್ಷಮಿಸಬೇಕು.

“ಕೆಲವು ದಡಗಳಿಗೇ ಚಂಡಮಾರುತ ಮತ್ತೆ ಮತ್ತೆ ಬರುವುದೇಕೆ?” ಎಂದು ಒಂದು ಸಂಜೆ ಗುರುಗಳನ್ನು ಕೇಳಿದೆ. ನಿಜಕ್ಕೂ ಕೇಳಬೇಕೆಂದಿದ್ದುದು ಬೇರೆ. ಮಠದಲ್ಲಿ ಸಂಜೆಯ ಪಾಠ ಹೇಳುವ ಕೆಲಸವನ್ನು ಅವರು ನನಗೆ ಕೊಡದೆ, ನನಗಿಂತ ಆರು ವರ್ಷ ತಡವಾಗಿ ಬಂದ ಚನ್ನವೀರನಿಗೆ ಕೊಟ್ಟಿದ್ದರು. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅರ್ಥವಾಗದು.

ಗುರುಗಳು ಹೇಳಿದರು:

“ಒಂದು ದಡದಲ್ಲಿ ಇಬ್ಬರು ಮೀನುಗಾರರಿದ್ದರು. ಅಲ್ಲಿನ ದೋಣಿಗಳು ಭಾರ. ಒಂದು ಮನೆಯವರಿಂದ ಎಳೆಯಲಾಗದು. ಕಡಲು ಕೆಡುವ ಮುನ್ನ ಎರಡೂ ಮನೆಯವರು ಸೇರಿ ಎರಡೂ ದೋಣಿಗಳನ್ನು ಮರಳುದಿಬ್ಬದ ಆಚೆಗೆ ಎಳೆಯುವುದು ಪದ್ಧತಿ. ಗುರುತು ಮೊದಲು ಕಂಡವನು ಕೂಗಬೇಕು.

“ಆ ವರ್ಷ ಒಬ್ಬನ ಬಲೆಗೆ ಮೀನು ಹೆಚ್ಚು ಬಿತ್ತು. ಇನ್ನೊಬ್ಬನಿಗೆ ಅದು ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ಗಾಳಿಯೇ ಇಲ್ಲದೆ ಉದ್ದುದ್ದ ಅಲೆಗಳು ಬರತೊಡಗಿದವು. ದೂರದಲ್ಲಿ ಚಂಡಮಾರುತ ಎದ್ದಿದೆ ಎಂಬುದಕ್ಕೆ ಅದೇ ಗುರುತು. ಹೊಟ್ಟೆಕಿಚ್ಚಿನವನು ಅದನ್ನು ಕಂಡ. ನೆರೆಯವನು ತಲೆ ಬಗ್ಗಿಸಿ ದೋಣಿ ನೂಕುತ್ತಿದ್ದ.

“‘ಏನಣ್ಣಾ, ಇವತ್ತು ಇಳಿಯೋದಿಲ್ವಾ?’

“‘ನೀನು ಹೋಗಪ್ಪ. ಮೀನೆಲ್ಲ ನಿನ್ನ ಮನೆಯನ್ನೇ ಕೇಳಿಕೊಂಡು ಬರುತ್ತಲ್ಲ.’

“ನೆರೆಯವನು ನಕ್ಕು, ಮಕ್ಕಳೊಂದಿಗೆ ಹೋದ. ಮಧ್ಯಾಹ್ನ ಗಾಳಿ ಎದ್ದಿತು. ಉಳಿದವನು ತನ್ನ ದೋಣಿಗೆ ಹೆಗಲು ಕೊಟ್ಟ. ಅದು ಅಲ್ಲಾಡಲಿಲ್ಲ. ಎಳೆಯಬೇಕಾದವರು ಕಡಲಲ್ಲಿದ್ದರು.”

“ಅವರು ತಿರುಗಿ ಬಂದರೇ?” ಎಂದೆ.

“ಹಲಗೆ ಹಿಡಿದು ಬಂದರು. ಕಿರಿಯ ಮಗ ಬರಲಿಲ್ಲ. ದೋಣಿ ಎರಡೂ ಹೋದವು.”

ಆಮೇಲೆ ನನ್ನ ಪ್ರಶ್ನೆಗೆ ಬಂದರು. “ಕಡಲಿನ ಮೇಲಿನ ನೀರು ಬಿಸಿಯಾದರೆ ತೇವದ ಗಾಳಿ ಮೇಲೇರುತ್ತದೆ. ತೆರವಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಅದು ನೇರವಾಗಿ ಬಾರದೆ ಸುತ್ತುತ್ತದೆ. ಬಿಸಿನೀರು ಸಿಗುವಷ್ಟು ಕಾಲ ಬೆಳೆಯುತ್ತದೆ. ಬಿಸಿಲು ಎಷ್ಟೋ ಕಡಲುಗಳ ಮೇಲೆ ಬೀಳುತ್ತದೆ. ಆದರೆ ದೊಡ್ಡ ನದಿಗಳು ಸೇರುವಲ್ಲಿ ಸಿಹಿನೀರು ಹಗುರವಾಗಿ ಮೇಲೆಯೇ ನಿಲ್ಲುತ್ತದೆ, ತಳದ ತಂಪನ್ನು ಮೇಲೆ ಬರಗೊಡುವುದಿಲ್ಲ. ಅಲ್ಲಿ ಬಿಸಿ ಬೇಗ ಆರುವುದಿಲ್ಲ. ಇನ್ನು ಆ ತಂಪು ಮೇಲೆ ಬರಬೇಕಾದರೆ…”

ಹೊರಗಿನಿಂದ ಚನ್ನವೀರ ಕರೆದ. “ಗುರುಗಳೇ, ಎಲ್ಲರೂ ಕೂತಿದ್ದಾರೆ, ಬನ್ನಿ. ಇವತ್ತಿನ ಪಾಠವನ್ನು ಬೆಳಿಗ್ಗೆಯೇ ನಿಮ್ಮ ಹತ್ತಿರ ಕೂತಿರುವ ಅಣ್ಣನಿಗೆ ಓದಿ ತೋರಿಸಿದೆ. ಚೆನ್ನಾಗಿದೆ ಅಂದರು.”

ಗುರುಗಳು ಎದ್ದು ನನ್ನ ಕಡೆ ತಿರುಗಿದರು.

“ಅದರಲ್ಲಿ ನಿನಗೆ ಕಂಡ ತಪ್ಪನ್ನು, ಅವನು ಪಾಠಕ್ಕೆ ಕೂರುವ ಮುನ್ನ ಹೇಳುತ್ತೀಯೋ, ಎಲ್ಲರೂ ನಕ್ಕ ಮೇಲೋ?”