ಕೋಟೆ ಬಾಗಿಲಿಗೊಂದು ಬೂದುಗುಂಬಳಕಾಯಿ

ಉದ್ದಂಡರಾಯನ ಕಾಲದಲ್ಲಿ ಕಂಪ್ಯೂಟರ್ ಇತ್ತೇ ಎಂದು ಕೇಳಬೇಡಿ. ರಾಜನಿಗೆ ಬೇಕೆನಿಸಿತು, ಬಂತು. ಕೋಟೆಯ ಹೆಬ್ಬಾಗಿಲು ಬಂದವರ ಗುರುತು ಹಿಡಿದು ತಾನಾಗಿ ಏಳಬೇಕು, ತಾನಾಗಿ ಇಳಿಯಬೇಕು. ಅದಕ್ಕೆ ಪ್ರೋಗ್ರಾಂ ಬರೆಯಲು ಹನ್ನೆರಡು ಜನ ಪಂಡಿತರು. ಅವರ ಮುಖ್ಯಸ್ಥ ಬೊಮ್ಮಣಾರ್ಯ.

ಹಿಂದಿನ ಸಲ ಬರೆದ ಪ್ರೋಗ್ರಾಂ, ಪಟ್ಟದಾನೆ ಇನ್ನೂ ಪೂರ್ತಿ ಒಳಗೆ ಬರುವ ಮೊದಲೇ ಬಾಗಿಲು ಇಳಿಸಿತ್ತು. ಆನೆಯ ಬಾಲ ಮೋಟಾಯಿತು. ಅಂದಿನಿಂದ ಆ ಆನೆಗೆ ಪಂಡಿತರನ್ನು ಕಂಡರಾಗುವುದಿಲ್ಲ.

ಆಸ್ಥಾನದ ವಿದೂಷಕ ತಿಪ್ಪರಸ ತಡೆಯಲಾರದೆ ಹೇಳಿದ, "ಆರ್ಯರೇ, ಈ ಸಲವಾದರೂ ಏನೇನು ಸರಿಯಿರಬೇಕು ಅಂತ ಮೊದಲು ಪಟ್ಟಿ ಮಾಡಿ. ಆಮೇಲೆ ಪ್ರೋಗ್ರಾಂ ಬರೆದು, ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ."

"ನಿನ್ನೆಯೇ ಬರೆದು ಮುಗಿಸಿದೆ," ಎಂದು ಬೊಮ್ಮಣಾರ್ಯ ಮೀಸೆ ತಿರುವಿದ. "ಪರೀಕ್ಷೆ ಇರುವುದು ತಪ್ಪು ಮಾಡುವವರಿಗೆ. ನನ್ನದು ಬ್ರಹ್ಮಲಿಪಿ!"

"ಹೌದು, ಅದಕ್ಕೇ ಯಾರಿಗೂ ಓದಲಾಗುವುದಿಲ್ಲ."

ರಾಜ ನಕ್ಕ. "ತಿಪ್ಪರಸ, ನಿನಗೆ ಬಾಯಿ ಜಾಸ್ತಿಯಾಯಿತು. ನಾಳೆ ಸಂಜೆಯೊಳಗೆ ಇವನ ಬಾಯಲ್ಲೇ ಪರೀಕ್ಷೆ ಬೇಕು ಅನ್ನಿಸು ನೋಡೋಣ. ನಾನು ಆಜ್ಞೆ ಮಾಡುವುದಿಲ್ಲ, ನೀನು ಬೈಯುವ ಹಾಗಿಲ್ಲ. ಆಗದಿದ್ದರೆ ಆ ಬಾಗಿಲಿನಡಿ ಕಾವಲು ನಿಲ್ಲುವ ಕೆಲಸ ನಿನ್ನದೇ."

ತಿಪ್ಪರಸ ಬಾಗಿಲ ಕಡೆ ನೋಡಿದ. ಬಾಗಿಲ ತುದಿಗೆ ಮೊಳದುದ್ದದ ಕಬ್ಬಿಣದ ಹಲ್ಲುಗಳಿದ್ದವು. ಅವನಿಗಿದ್ದದ್ದು ಒಂದೇ ತಲೆ.

ಮರುದಿನ ಕೋಟೆ ಬಾಗಿಲಲ್ಲಿ, ರಾಜನ ಎದುರಿಗೆ, ವಾಲಗವೋ ವಾಲಗ. ತಿಪ್ಪರಸ ಬೊಮ್ಮಣಾರ್ಯನಿಗೆ ಆಳುದ್ದದ ಹಾರ ಹಾಕಿ ಕೈಮುಗಿದ. "ಮೊದಲು ದಾಟುವ ಗೌರವ ಬರೆದವರಿಗೇ ಸಲ್ಲಬೇಕು. ದಯಮಾಡಿಸಿ, ಆರ್ಯರೇ."

ಬೊಮ್ಮಣಾರ್ಯ ಎದೆಯುಬ್ಬಿಸಿ ಎರಡು ಹೆಜ್ಜೆ ಇಟ್ಟ. ತಲೆ ಎತ್ತಿ ನೋಡಿದ. ಹಲ್ಲುಗಳು ಕಂಡವು.

"ಒಂದು ನಿಮಿಷ," ಎಂದ. "ನಡುವೆ ಯಾರಾದರೂ ನಿಂತರೆ ಬಾಗಿಲು ತಡೆಯುತ್ತದೆಯೇ, ನೋಡಬೇಕು."

"ನೋಡಬೇಕು," ಎಂದ ತಿಪ್ಪರಸ. ಪಕ್ಕದಲ್ಲಿ ಕುಳಿತಿದ್ದ ಕರಣಿಕ ಬರೆದುಕೊಂಡ.

"ಪೇಟ ತೆಗೆದರೆ ನನ್ನ ಗುರುತು ಹಿಡಿಯುತ್ತದೆಯೇ? ಹಾರದಲ್ಲಿ ಮುಖ ಮುಚ್ಚಿಹೋದರೆ? ಸರಪಳಿ ಇಳಿಸುವ ಭಾಗವನ್ನು ಬೇರೆಯಾಗಿಯೇ ನೋಡಬೇಕಪ್ಪಾ! ಸೀನಿದರೆ?"

ಬೊಮ್ಮಣಾರ್ಯ ಬೆವರುತ್ತಾ ಹೇಳುತ್ತಲೇ ಇದ್ದ, ಕರಣಿಕ ಬರೆಯುತ್ತಲೇ ಇದ್ದ. ಪಟ್ಟಿ ಇಪ್ಪತ್ತೇಳಕ್ಕೆ ಮುಟ್ಟಿತು.

"ಇವನ್ನೆಲ್ಲ ಪರೀಕ್ಷೆ ಮಾಡದೆ ನಾನು ಒಂದು ಹೆಜ್ಜೆಯೂ ಇಡುವುದಿಲ್ಲ!" ಎಂದು ಕೊನೆಗೆ ಕಿರುಚಿದ.

"ಪ್ರಭು, ಕೇಳಿಸಿತಲ್ಲ?" ಎಂದ ತಿಪ್ಪರಸ.

ದೃಷ್ಟಿ ತೆಗೆಯಲು ತಂದಿದ್ದ ಬೂದುಗುಂಬಳಕಾಯಿಗೆ ಬೊಮ್ಮಣಾರ್ಯನ ಪೇಟ ತೊಡಿಸಿ ಬಾಗಿಲ ನಡುವೆ ಇಟ್ಟರು. ಮೊದಲನೇ ಪರೀಕ್ಷೆಗೇ ಬಾಗಿಲು ಧಡಾರನೆ ಇಳಿಯಿತು. ಕಾಯಿ ಒಡೆಯುವ ಶ್ರಮ ಪುರೋಹಿತರಿಗೆ ತಪ್ಪಿತು. ಚೂರುಗಳನ್ನು ನೋಡಿ ಬೊಮ್ಮಣಾರ್ಯ ಕತ್ತು ಮುಟ್ಟಿಕೊಂಡ. ಆನೆ ಮಾತ್ರ ಖುಷಿಯಿಂದ ಘೀಳಿಟ್ಟಿತು.

ಬರೆದವನೇ ಮೊದಲು ದಾಟಬೇಕೆಂದು ರಾಜ ಅಲ್ಲೇ ಕಟ್ಟಳೆ ಮಾಡಿದ. ಆವತ್ತಿನಿಂದ ಹನ್ನೆರಡೂ ಪಂಡಿತರು ಪರೀಕ್ಷೆ ಮೊದಲು ಬರೆದು ಪ್ರೋಗ್ರಾಂ ಆಮೇಲೆ ಬರೆಯತೊಡಗಿದರು. ಯಾರೂ ಹೇಳಬೇಕಾಗಲಿಲ್ಲ.

"ಭಲೇ!" ಎಂದು ರಾಜ ಅಂದೇ ತಿಪ್ಪರಸನತ್ತ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಏನು ಬೇಕೋ ಕೇಳು. ಊರು ಕೇಳು, ಉಂಬಳಿ ಕೇಳು."

ತಿಪ್ಪರಸ ಮತ್ತೆ ಮೇಲೇರಿ ನೇತಾಡುತ್ತಿದ್ದ ಹಲ್ಲುಗಳನ್ನೊಮ್ಮೆ ನೋಡಿದ.

"ಇನ್ನೊಂದು ಕುಂಬಳಕಾಯಿ ಸಾಕು, ಪ್ರಭು. ನನ್ನ ಮನೆ ಇರುವುದು ಈ ಕೋಟೆ ಬಾಗಿಲಿನ ಆಚೆ."