ಪ್ರವಚನ ಕೇಳಿದ ಕಂಪ್ಯೂಟರು

ಹೊಳೆದಂಡೆಯ ಆಶ್ರಮದಲ್ಲಿ ಒಂದು ಹಳೇ ಕಂಪ್ಯೂಟರು ಇತ್ತು. ಮನೆಗಳಿಗೆ ಕಂಪ್ಯೂಟರು ಮೊದಮೊದಲು ಕಾಲಿಟ್ಟ ಕಾಲದ್ದು. ನೋಡಲಿಕ್ಕೆ ಬರೀ ಕೀಲಿಮಣೆ. ಟಿ.ವಿ.ಗೆ ಸಿಕ್ಕಿಸಿದರೆ ಮಾತ್ರ ಅದಕ್ಕೆ ಮುಖ.

ಆರಿಸಿದರೆ ಸಾಕು, ಕಲಿತದ್ದೆಲ್ಲ ಮರೆತುಬಿಡುತ್ತಿತ್ತು. ಮರುದಿನ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ, ಅದರ ಕಿರಗುಟ್ಟುವ ಸದ್ದು ಕೇಳಿಸಿ, ಮತ್ತೆ ಕಲಿಸಬೇಕು.

ಭಕ್ತರು ಹೊಸ ಕಂಪ್ಯೂಟರು ತಂದರೆ ನಿರಂಜನ ಗುರುಗಳು ಊರ ಶಾಲೆಗೆ ಕಳಿಸಿಬಿಡುವರು. "ಅದು ಎಲ್ಲ ಕಲಿತುಕೊಂಡೇ ಬಂದಿರುತ್ತದೆ. ಇದು ದಿನಾ ಬರಿಗೈಲಿ ಏಳುತ್ತದೆ," ಅನ್ನುವರು.

ಪಾಪ, ಆ ಹಳೇದಕ್ಕೆ ಕನ್ನಡ ಬರುತ್ತಿರಲಿಲ್ಲ. ಗುರುಗಳ ಜೊತೆಗಾರ ನಾಗಲಿಂಗಜ್ಜ ಚೌಕುಳಿ ಹಾಳೆಯ ಮೇಲೆ ಚುಕ್ಕೆ ಚುಕ್ಕೆ ಇಟ್ಟು ಒಂದೊಂದೇ ಅಕ್ಷರ ಕಟ್ಟಿಕೊಟ್ಟಿದ್ದ. ಅಜ್ಜ ತೀರಿಕೊಂಡ. ಅವನ ಅಕ್ಷರಗಳು ಉಳಿದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಗುರುಗಳು ಬೆಳಗಾದರೆ ಅವನ್ನು ಮೂಡಿಸಿಕೊಂಡು ನೋಡುತ್ತ ಕೂರುವರು.

ಇದ್ಯಾವುದೂ ಹೊಸ ಶಿಷ್ಯ ಶಾಂತವೀರನಿಗೆ ಗೊತ್ತಿರಲಿಲ್ಲ. ಬಂದ ದಿನವೇ ಆ ಕ್ಯಾಸೆಟ್ ಅವನ ಕೈಗೆ ಸಿಕ್ಕಿತು. ಹಾಕಿ ಕೇಳಿದ. ಬರೀ ಕಿರಿಚಾಟ. ಕೆಟ್ಟುಹೋಗಿದೆ ಅಂದುಕೊಂಡು, ಸಂಜೆ ಗುರುಗಳ ಪ್ರವಚನವನ್ನು ಅದರ ಮೇಲೇ ಭಕ್ತಿಯಿಂದ ರೆಕಾರ್ಡ್ ಮಾಡಿದ.

ಆ ಕಿರಿಚಾಟವೇ ಅಜ್ಜನ ಅಕ್ಷರಗಳು ಎಂದು ಬೆಳಿಗ್ಗೆ ಆಶ್ರಮದವರಿಂದ ತಿಳಿಯಿತು. ಆಶ್ರಮ ಬಿಟ್ಟರೆ ಅವನಿಗೆ ಬೇರೆ ನೆಲೆ ಇರಲಿಲ್ಲ. ಗುರುಗಳ ಕಾಲು ಹಿಡಿದು, ಮಾಡಿದ್ದನ್ನೆಲ್ಲ ಹೇಳಿಕೊಂಡ.

ಗುರುಗಳು ಬೈಯಲಿಲ್ಲ. ಎಂದಿನಂತೆ ಕಂಪ್ಯೂಟರು ಹಚ್ಚಿ, ಅದೇ ಕ್ಯಾಸೆಟ್ ಹಾಕಿದರು.

"ಹೋದದ್ದಕ್ಕೆ ಮರುಗಬೇಡಿ," ಎಂದು ಅವರದೇ ದನಿ ಶುರುವಾಯಿತು. ಕಂಪ್ಯೂಟರು ಸುಮ್ಮನೆ ಕೇಳಿಸಿಕೊಂಡಿತು. ಟೇಪು ಮುಗಿಯಿತು. ಟಿ.ವಿ.ಯಲ್ಲಿ ಒಂದಕ್ಷರವೂ ಮೂಡಲಿಲ್ಲ.

ಗುರುಗಳು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ಶಾಂತವೀರ ಎದ್ದುಹೋಗಿ ತನ್ನ ಗಂಟು ಎತ್ತಿಕೊಂಡು ಬಂದ.

"ಬುದ್ಧಿ, ನಾನು ಹೊರಡಲಾ?"

ಗುರುಗಳು ಖಾಲಿ ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ ಒಂದು ಸಣ್ಣ ಚೌಕ ಮಿಣುಕುತ್ತಿತ್ತು.

"ಅದೇನು ಅಂತ ಗೊತ್ತಾ?"

"ಇಲ್ಲ ಬುದ್ಧಿ."

"ಕಾಯ್ತಾ ಇದೆ. ಏನು ಕೊಡ್ತೀರಿ ಅಂತ ಕೇಳ್ತಾ ಇದೆ."

"ಪ್ರವಚನ ಕೊಟ್ಟಿರಲ್ಲ, ಬುದ್ಧಿ?"

ಗುರುಗಳು ಪಕ್ಕದಲ್ಲಿ ಚಾಪೆ ಬಿಡಿಸಿದರು. ಒಂದು ಚೌಕುಳಿ ಹಾಳೆ ಅವನ ಮುಂದಿಟ್ಟರು.

"ಮರುಗಬೇಡಿ ಅಂತ ಹೇಳಿದವನಿಗೇ ಅದು ಇನ್ನೂ ತಲೆಗೆ ಹತ್ತಿಲ್ಲ, ಇದಕ್ಕೆಲ್ಲಿಂದ ಹತ್ತಬೇಕು? ಗಂಟು ಕೆಳಗಿಡು. ಅಜ್ಜನ 'ಅ' ಹೇಗಿತ್ತು ಅಂತ ನಾನು ಹೇಳ್ತೀನಿ, ನೀನು ಚುಕ್ಕೆ ಇಡು."